ಬಿಳಿ ಬಟ್ಟೆಯ ಮೇಜಿಗೆ ಏಳು ಮೆಟ್ಟಿಲು

ಜಯನಗರ

ನಾನು ಕಡಲಾಚೆಯ ಸೀಮೆಗೆ ಹೋಗಿ ಬಂದ ಮೇಲೆ ಜಯನಗರದಲ್ಲಿ ಕಂಡವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿಕೊಂಡಿರಿ. ಹೃದಯವನ್ನು ಸಿದ್ಧಮಾಡಿಕೊಳ್ಳುವ ಬಗೆ ತಿಳಿಯಲು ಹೋದವನನ್ನು ಹೃದಯ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಬಾಯಲ್ಲಿ ಹೇಳಿದ್ದರೆ ನಾಲ್ಕು ಸುಳ್ಳು ಸೇರಿಕೊಳ್ಳುತ್ತಿದ್ದವು, ಬರೆಯುವಾಗ ಎರಡಕ್ಕೇ ನಿಲ್ಲಿಸಬಹುದು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಾಲದ್ದಕ್ಕೆ ನಮ್ಮ ಕ್ರೈಸ್ತ ಸಭೆಯ ಹಿರಿಯ. ಆಗ ಜಯನಗರ ನಕ್ಷೆಯಲ್ಲಿ ಮಾತ್ರ ಬಡಾವಣೆಯಾಗಿತ್ತು. ನೆಲದ ಮೇಲೆ ಕಲ್ಲು ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ, ಮನೆಗಿಂತ ಹೆಚ್ಚಾಗಿ ಹಾವು. ಹೆಂಚಿನ ಮಾಡಿನ ನಮ್ಮ ದೇವಾಲಯದಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ನಡೆಯುತ್ತಿತ್ತು. ರೊಟ್ಟಿಯ ಚೂರು, ದ್ರಾಕ್ಷಾರಸದ ಗುಟುಕು. ದೇವರ ಕೃಪೆಯನ್ನು ಕೈಯಾರೆ ಪಡೆಯುವ ಹೊತ್ತು. ಅದಕ್ಕೆ ಹೃದಯವನ್ನು ಅಣಿಮಾಡಿಕೊಳ್ಳಲಿ ಎಂದು ಹಿಂದಿನ ಸಂಜೆ ಸಿದ್ಧತಾ ಕೂಟ ಇಡುತ್ತಿದ್ದೆವು. ಅದಕ್ಕೆ ಬರುತ್ತಿದ್ದವರು ನಾನು, ನನ್ನ ಹೆಂಡತಿ ಲಿಲ್ಲಿ, ಇಬ್ಬರು ವಿಧವೆಯರು, ಮತ್ತು ಬಾಗಿಲ ಬೀಗದ ಕೈ ತನ್ನಲ್ಲಿದ್ದ ತಪ್ಪಿಗೆ ಬರಲೇಬೇಕಾದ ಚಾಕರ. ಮಾರನೆಯ ದಿನ ಮಾತ್ರ ಇಡೀ ಸಭೆ ಮಾರ್ಕೆಟ್ಟಿನ ಬಸ್ಸು ಬಂದಂತೆ ನುಗ್ಗಿ ಮುಂದೆ ಮಂಡಿಯೂರುತ್ತಿತ್ತು.

ಇದನ್ನು ನೋಡಿ ನೋಡಿ ಸಾಕಾಗಿ ನಾನೊಂದು ಕಿರುಪುಸ್ತಕ ಬರೆದೆ. ಹೃದಯದ ಸಿದ್ಧತೆಗೆ ಏಳು ಮೆಟ್ಟಿಲು. ಮೊದಲನೆಯದು ಮೌನ. ಎರಡನೆಯದು ತನ್ನ ತಪ್ಪುಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು. ಮೂರನೆಯದು ಯಾರೊಡನೆ ಮನಸ್ತಾಪವಿದೆಯೋ ಅವರ ಮನೆಗೆ ಹೋಗಿ ರಾಜಿಯಾಗುವುದು. ಹೀಗೇ ಹತ್ತುತ್ತ ಹೋಗಿ ಏಳನೆಯದು ಬರಿಗೈ ಚಾಚುವುದು. ಮೂರನೆಯ ಮೆಟ್ಟಿಲಿಗೆ ನಾನು ಎರಡು ಪುಟ ಕೊಟ್ಟಿದ್ದೆ. ಅದನ್ನು ಓದಿ ಕಣ್ಣೀರು ಬಂತೆಂದು ಹೇಳಿದವರೂ ಇದ್ದಾರೆ.

ನನ್ನ ಸ್ವಂತ ಮೂರನೆಯ ಮೆಟ್ಟಿಲು ಇದ್ದದ್ದು ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ನಮ್ಮಕ್ಕ ಸಾರಮ್ಮ ನರ್ಸಾಗಿದ್ದಳು. ಆ ಊರಿನ ಅರ್ಧ ಮಕ್ಕಳು ಅವಳ ಕೈಮೇಲೆ ಹುಟ್ಟಿದವರು. ನಮ್ಮ ತಾಯಿ ಕಣ್ಣುಮುಚ್ಚಿದ್ದು ಅವಳ ಮನೆಯಲ್ಲಿ. ಸುದ್ದಿ ತಿಳಿದ ಊರ ಹೆಂಗಸರು ಚೆಂಡುಹೂ ತಂದು ಹಾಕಿದರು. ಪಕ್ಕದ ಮನೆಯ ಮುನಿಯಮ್ಮ ಎಣ್ಣೆದೀಪ ತಂದು ಅಮ್ಮನ ತಲೆಯ ಹತ್ತಿರ ಹಚ್ಚಿಟ್ಟಳು. ನಾನು ಪಾದ್ರಿಯವರನ್ನೂ ಸಭೆಯವರನ್ನೂ ಹಿಂದೆ ಹಾಕಿಕೊಂಡು ಬಂದು ನೋಡುತ್ತೇನೆ, ದೀಪ! ಕ್ರೈಸ್ತ ಹಿರಿಯನ ತಾಯಿಯ ತಲೆಯ ಬಳಿ ದೀಪ ಉರಿದರೆ ಸಭೆ ಏನೆಂದೀತು? ಎಲ್ಲರೆದುರಿಗೆ ಬಗ್ಗಿ ಉಫ್ ಎಂದು ಊದಿ ಆರಿಸಿದೆ.

ಅಕ್ಕ ದನಿ ಏರಿಸಲಿಲ್ಲ. "ಸಾಮು, ಹೊರಗ್ ನಿಂತ್ಕೊ. ಅಮ್ಮನ್ ಮಣ್ಣಾದ್ಮೇಲೆ ಈ ಹೊಸ್ಲು ತುಳೀಬೇಡ" ಎಂದಳು. ಅದಾಗಿ ಒಂಬತ್ತು ವರ್ಷ. ಆ ಒಂಬತ್ತು ವರ್ಷವೂ ನಾನು ಒಂದು ತಿಂಗಳೂ ತಪ್ಪದೆ ಕರ್ತನ ಭೋಜನ ತೆಗೆದುಕೊಂಡಿದ್ದೆ, ಅದೂ ಮೊದಲ ಸಾಲಿನಲ್ಲಿ.

ಬೆಂಗಳೂರಿನಲ್ಲಿ ಬಹುಕಾಲ ಇದ್ದು ನಿವೃತ್ತರಾದ ಡಂಕನ್ ಪಾದ್ರಿಯವರು ನನ್ನ ಪುಸ್ತಕವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ತಮ್ಮ ದ್ವೀಪಕ್ಕೆ ಒಯ್ದಿದ್ದರು. ನಮ್ಮಲ್ಲಿ ಭೋಜನಕ್ಕೆ ಮುಂಚೆ ಹೃದಯ ಸಿದ್ಧತೆ ಹೇಗೆ ನಡೆಯುತ್ತದೆ, ಬಂದು ನೋಡಿ, ನಿಮ್ಮ ಮಾತನ್ನೂ ಕೇಳಿಸಿ ಎಂದು ಅಲ್ಲಿಂದ ಅವರ ಕಾಗದ ಬಂತು. ಲಿಲ್ಲಿ ಪೆಟ್ಟಿಗೆಗೆ ಚಟ್ನಿಪುಡಿ ಡಬ್ಬಿ ತುರುಕುತ್ತ ಮಾತು ತೆಗೆದಳು.

"ಸಾವಿರಾರು ಮೈಲಿ ಹೊರಟಿದ್ದೀರ. ಜರಗನಹಳ್ಳಿ ಬಸ್ ಹತ್ತೋಕ್ ಮಾತ್ರ ನಿಮ್ಗೆ ಪುರ್ಸೊತ್ತಿಲ್ಲ."

"ಅದು ಬೇರೆ ವಿಷ್ಯ ಕಣೇ."

"ಮೂರನೇ ಮೆಟ್ಲು ಅಂತ ಬರ್ದೋರು ನೀವೇ ತಾನೆ?"

"ಅದು ಓದೋರಿಗೆ ಅಂತ ಬರ್ದಿದ್ದು."

ಲಿಲ್ಲಿ ಡಬ್ಬಿಯ ಮುಚ್ಚಳವನ್ನು ನನ್ನ ಕತ್ತು ಹಿಸುಕುವ ಹಾಗೆ ತಿರುಗಿಸಿ ಬಿಗಿಮಾಡಿದಳು.

ಹಡಗು

ಹಡಗಿನಲ್ಲಿ ಮೊದಲ ಮೆಟ್ಟಿಲು ಸುಲಭವಾಯಿತು. ಮೂರು ದಿನ ಬಾಯಿ ತೆರೆದರೆ ವಾಂತಿಯಾಗುತ್ತಿದ್ದುದರಿಂದ ಮೌನವಾಗಿಯೇ ಇದ್ದೆ. ನಾಲ್ಕನೆಯ ದಿನ ಮೇಲಿನ ಅಟ್ಟದಲ್ಲಿ ಕುಳಿತು ಎರಡನೆಯ ಮೆಟ್ಟಿಲಿಗೆ ಕೈಹಾಕಿದೆ. ಕಾಗದದ ಮೇಲೆ ಹತ್ತು ತಪ್ಪು ಬರೆದೆ. ಮುಂಗೋಪ, ಮಕ್ಕಳ ಉತ್ತರಪತ್ರಿಕೆ ತಿದ್ದಲು ಸೋಮಾರಿತನ, ಹೀಗೆ ನಾಲ್ಕು ಜನರ ಮುಂದೆ ಓದಿದರೂ ಮರ್ಯಾದೆ ಹೋಗದಂಥವು. ಹನ್ನೊಂದನೆಯದು ಬರೆಯಬೇಕು, ಅಷ್ಟರಲ್ಲಿ ಗಾಳಿ ಬೀಸಿ ಕಾಗದ ಅರಬ್ಬಿ ಸಮುದ್ರಕ್ಕೆ ಹಾರಿಹೋಯಿತು. ಪಾಪಗಳನ್ನು ದೇವರೇ ಸಮುದ್ರಕ್ಕೆ ಎಸೆದ ಎಂದುಕೊಂಡು ಸಮಾಧಾನದಿಂದ ಚಹಾ ಕುಡಿಯಲು ಹೋದೆ.

ದ್ವೀಪ: ಗುರುವಾರ

ದ್ವೀಪದಲ್ಲಿ ಮರಗಳಿಲ್ಲ. ಕಲ್ಲು, ಕುರಿ, ಮತ್ತು ಮೇಲಿನಿಂದ ಬೀಳದೆ ಪಕ್ಕದಿಂದ ಹೊಡೆಯುವ ಮಳೆ. ನನ್ನನ್ನು ಎಫಿ ಎಂಬ ಎಪ್ಪತ್ತು ದಾಟಿದ ಮುದುಕಿಯ ಮನೆಯಲ್ಲಿ ಇಳಿಸಿದರು. ಎರಡು ಕೋಣೆಯ ಆ ಮನೆಯಲ್ಲಿ ನಾವು ಒಂಬತ್ತು ಜನ ಅತಿಥಿಗಳು. ಬೇರೆ ಬೇರೆ ಊರಿನಿಂದ ಭೋಜನದ ಆರಾಧನೆಗೆಂದು ಬಂದವರು. ಹಾಸಿಗೆಗಳನ್ನೆಲ್ಲ ನಮಗೆ ಬಿಟ್ಟು ಎಫಿ ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಿದ್ದಳು.

ಅಲ್ಲಿ ಕರ್ತನ ಭೋಜನ ವರ್ಷಕ್ಕೆ ಎರಡೇ ಸಲ. ಆದರೆ ಒಂದೊಂದಕ್ಕೂ ಐದು ದಿನ ಹಿಡಿಯುತ್ತದೆ. ಗುರುವಾರ ಉಪವಾಸದ ದಿನ, ಶುಕ್ರವಾರ ಪ್ರಶ್ನೆಯ ದಿನ, ಶನಿವಾರ ಸಿದ್ಧತೆಯ ದಿನ, ಭಾನುವಾರ ಭೋಜನ, ಸೋಮವಾರ ಕೃತಜ್ಞತೆ. ಹಿಂದಿನ ಕಾಲದ ನಮ್ಮ ಮದುವೆಗಳ ಹಾಗೆ. ವ್ಯತ್ಯಾಸವೇನೆಂದರೆ ಇಲ್ಲಿ ಯಾರೂ ನಗುವುದಿಲ್ಲ.

ಗುರುವಾರ ಮಧ್ಯಾಹ್ನ ದೇವಾಲಯ ಕಿಕ್ಕಿರಿದಿತ್ತು. ನಮ್ಮ ಸಿದ್ಧತಾ ಕೂಟದ ಐದು ಜನರನ್ನು ನೆನೆದು ನನಗೆ ಹೊಟ್ಟೆಕಿಚ್ಚಾಯಿತು. ಹಾರ್ಮೋನಿಯಂ ಇಲ್ಲ, ಯಾವ ವಾದ್ಯವೂ ಇಲ್ಲ. ಒಬ್ಬ ಎದ್ದು ಕೀರ್ತನೆಯ ಒಂದು ಸಾಲು ಹಾಡುತ್ತಾನೆ, ಉಳಿದವರು ಅದನ್ನು ಬಲೆ ಎಳೆಯುವಂತೆ ನಿಧಾನವಾಗಿ ಎಳೆಯುತ್ತಾರೆ. ಆಮೇಲೆ ಎರಡು ಗಂಟೆಯ ಪ್ರಸಂಗ. ಪಾದ್ರಿ ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೊರಳಿದಾಗಲೆಲ್ಲ ಮುದುಕಿಯರ ಕೈಚೀಲಗಳು ಕಿರ್ರೆಂದು ತೆರೆದುಕೊಳ್ಳುತ್ತಿದ್ದವು. ಎಫಿ ಕಣ್ಣನ್ನು ಪಾದ್ರಿಯ ಮೇಲಿಟ್ಟುಕೊಂಡೇ ನನ್ನ ಕೈಗೊಂದು ಪೆಪ್ಪರ್‌ಮಿಂಟು ದಾಟಿಸುತ್ತಿದ್ದಳು. ಬೆಂಚಿನುದ್ದಕ್ಕೂ ಬಾಯಿಗಳು ಸದ್ದಿಲ್ಲದೆ ಆಡುತ್ತಿದ್ದವು.

ಉಪವಾಸ ಮುರಿದ ಸಂಜೆಯ ಊಟ ಬೇಯಿಸಿದ ಆಲೂಗಡ್ಡೆ, ಉಪ್ಪುಮೀನು. ನಾನು ಚಟ್ನಿಪುಡಿ ಡಬ್ಬಿ ತೆಗೆದೆ. ಪಕ್ಕದಲ್ಲಿದ್ದ ಮುದುಕನೊಬ್ಬ ತನಗೂ ಬೇಕೆಂದು ಒಂದು ಚಮಚ ಹಾಕಿಕೊಂಡು ತಿಂದ. ಅವನ ಕಣ್ಣಿಂದ ಧಾರಾಕಾರ ನೀರು ಸುರಿಯಿತು. ಉಳಿದವರು ಅದನ್ನು ಪಶ್ಚಾತ್ತಾಪವೆಂದು ತಿಳಿದು ತಲೆ ತಗ್ಗಿಸಿದರು.

ಶುಕ್ರವಾರ

ಪ್ರಶ್ನೆಯ ದಿನ ಗಂಡಸರು ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ, ಹೆಂಗಸರು ಕೇಳುತ್ತಾರೆ. ಆ ವಿಷಯದಲ್ಲಿ ಮಾತ್ರ ನಮ್ಮ ಸಭೆಗೂ ಅದಕ್ಕೂ ಭೇದ ಕಾಣಲಿಲ್ಲ. ಮೀನು ಹಿಡಿಯುವ ಮುದುಕನೊಬ್ಬ ಎದ್ದು ಪ್ರಶ್ನೆ ಇಟ್ಟ: ನಿಜವಾಗಿ ಸಿದ್ಧವಾದ ಹೃದಯ ಯಾವುದು, ಸಿದ್ಧವಾಗಿದ್ದೇನೆ ಎಂದು ಬರಿದೆ ಅಂದುಕೊಂಡ ಹೃದಯ ಯಾವುದು, ಗುರುತಿಸುವುದು ಹೇಗೆ?

ಎದ್ದವರೆಲ್ಲ ತಮ್ಮ ತಮ್ಮ ಹೃದಯದ ಮಾತೇ ಆಡಿದರು, ಅದೂ ಅನುಮಾನದಿಂದ. ಇದೇ ಪ್ರಶ್ನೆಯನ್ನು ಜಯನಗರದಲ್ಲಿ ಇಟ್ಟಿದ್ದರೆ ಒಬ್ಬೊಬ್ಬರೂ ಪಕ್ಕದವನ ಹೃದಯದ ಬಗ್ಗೆ ಬೇಕಾದಷ್ಟು ವಿವರ ಕೊಡುತ್ತಿದ್ದರು. ಡಂಕನ್ ಪಾದ್ರಿಯವರು ನನಗೆ ಸನ್ನೆ ಮಾಡಿದರು. ನಾನು ಕೋಟಿನ ಗುಂಡಿ ಹಾಕಿಕೊಂಡು ಎದ್ದು ಏಳು ಮೆಟ್ಟಿಲನ್ನೂ ಒಂದೂ ಬಿಡದೆ ಹತ್ತಿಸಿದೆ. ಯಾರೂ ತಲೆದೂಗಲಿಲ್ಲ. ಮಾತು ಅಷ್ಟು ಆಳಕ್ಕೆ ಇಳಿದಿದೆ ಎಂದುಕೊಂಡು ಕುಳಿತೆ.

ಊಟದ ಹೊತ್ತಿಗೆ ಎಫಿ ನನ್ನ ತಟ್ಟೆಗೆ ಸಾರು ಬಡಿಸುತ್ತ ನಿಂತಳು. "ನಿಮ್ಮ ಮೂರನೇ ಮೆಟ್ಟಿಲು ನನಗೆ ಹಿಡಿಸ್ತು. ಹತ್ತೋಕೆ ನಿಮಗೆ ಕಷ್ಟ ಆಯ್ತಾ?"

ಮೇಜಿನ ಸುತ್ತ ಇದ್ದ ಎಂಟು ಜನರೂ ಚಮಚ ಕೆಳಗಿಟ್ಟು ನನ್ನನ್ನು ನೋಡಿದರು.

"ಸ್ವಲ್ಪ ಕಷ್ಟ ಆಯ್ತು. ದೇವರ ಕೃಪೆಯಿಂದ ಆಯ್ತು" ಎಂದೆ.

"ನೀವು ಪುಣ್ಯವಂತರು" ಎಂದು ಎಫಿ ಪಾತ್ರೆಯ ತಳದಿಂದ ಹುಡುಕಿ ಇದ್ದೊಂದು ದೊಡ್ಡ ಮಾಂಸದ ತುಂಡನ್ನು ನನಗೇ ಹಾಕಿದಳು. ಬರೀ ಸುಳ್ಳು ಹೇಳಿದ್ದರೆ ನುಂಗಬಹುದಾಗಿತ್ತು. ದೇವರನ್ನು ಸಾಕ್ಷಿಗೆ ಕರೆದುಬಿಟ್ಟಿದ್ದೆ. ಆ ತುಂಡನ್ನು ಅಗಿದು ಮುಗಿಸಲು ಬಹಳ ಹೊತ್ತು ಬೇಕಾಯಿತು.

ಶನಿವಾರ

ಶನಿವಾರ ದೇವಾಲಯದ ಹಿಂದಿನ ಕೋಣೆಯಲ್ಲಿ ಹಿರಿಯರು ಸಾಲಾಗಿ ಕುಳಿತಿರುತ್ತಾರೆ. ಮೇಜಿಗೆ ಬರಲು ಇಷ್ಟಪಡುವವರನ್ನು ಒಳಗೆ ಕರೆದು ನಾಲ್ಕು ಮಾತು ಕೇಳಿ, ಯೋಗ್ಯರೆನಿಸಿದರೆ ಸೀಸದ ಒಂದು ದುಂಡು ಬಿಲ್ಲೆ ಕೊಡುತ್ತಾರೆ. ಭಾನುವಾರ ಆ ಬಿಲ್ಲೆ ಒಪ್ಪಿಸಿದವರಿಗೆ ಮಾತ್ರ ರೊಟ್ಟಿ, ದ್ರಾಕ್ಷಾರಸ. ನನ್ನನ್ನು ಅವರು ಏನೂ ಕೇಳಲಿಲ್ಲ. ಏಳು ಮೆಟ್ಟಿಲು ಬರೆದ ಪರದೇಶದ ಹಿರಿಯನನ್ನು ಕೇಳುವುದೇನು? ಎದ್ದು ನಿಂತು ಕೈಕುಲುಕಿ ಬಿಲ್ಲೆ ಕೊಟ್ಟರು.

ಮನೆಗೆ ಬಂದಾಗ ಎಫಿ ಮಾರನೆಯ ದಿನದ ಆಲೂಗಡ್ಡೆಯ ಸಿಪ್ಪೆ ಈಗಲೇ ಹೆರೆಯುತ್ತಿದ್ದಳು. ಭಾನುವಾರ ಕೆಲಸ ಮಾಡುವಂತಿಲ್ಲವೆಂದು ನೀರನ್ನೂ ಬಕೆಟ್ಟುಗಳಲ್ಲಿ ತುಂಬಿಟ್ಟಿದ್ದಳು.

"ನೀವು ಬಿಲ್ಲೆ ತಗೊಳ್ಳಲಿಲ್ವಾ?" ಎಂದೆ.

"ನಾನಾ? ನಾನಿನ್ನೂ ಸಿದ್ಧವಾಗಿಲ್ಲ."

"ಎಷ್ಟು ಕಾಲದಿಂದ ಸಿದ್ಧವಾಗ್ತಿದ್ದೀರಿ?"

ಎಫಿ ಚಾಕು ನಿಲ್ಲಿಸಿ ಯೋಚಿಸಿದಳು. "ಐವತ್ತು ವರ್ಷ ಆಗಿರಬೇಕು."

ವಿಚಾರಿಸಿದರೆ ಅವಳೊಬ್ಬಳೇ ಅಲ್ಲ. ದ್ವೀಪದ ಬಹುಪಾಲು ಜನ ಹೀಗೇ. ಐದು ದಿನ ತಪ್ಪದೆ ಬರುತ್ತಾರೆ, ಕೇಳುತ್ತಾರೆ, ಅಳುತ್ತಾರೆ, ನಾವು ಯೋಗ್ಯರಲ್ಲ ಎಂದು ಮೇಜನ್ನು ಮುಟ್ಟದೆ ಮನೆಗೆ ಹೋಗುತ್ತಾರೆ. ಎಲೆ ಹಾಕಿ ಬಡಿಸಿದ ಮೇಲೆ ಯಾರೂ ಕೂರದ ಮದುವೆಯನ್ನು ನಾನು ಕೇಳಿರಲಿಲ್ಲ. ನಮ್ಮಲ್ಲಾದರೆ ಎಲೆ ಹಾಕುವ ಮೊದಲೇ ಮೊಣಕೈಯಿಂದ ಜಾಗ ಹಿಡಿದಿರುತ್ತಾರೆ. ಕರೆದವನಿಗೆ ಹೆಚ್ಚು ಅವಮಾನ ಮಾಡುವವರು ಯಾರೆಂದು ನನಗೆ ಹೊಳೆಯಲಿಲ್ಲ. ಒಂದು ಮಾತು ಮಾತ್ರ ನಿಜ: ಒಂಬತ್ತು ಜನರಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟ ಹೆಂಗಸಿನ ಬಳಿ ಬಿಲ್ಲೆ ಇರಲಿಲ್ಲ, ನನ್ನ ಜೇಬಿನಲ್ಲಿ ಇತ್ತು.

ಭಾನುವಾರ

ಊರಿನಲ್ಲಿ ಭೋಜನದ ಭಾನುವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಿಂದಿನ ದಿನದ ಬನಿಯನ್ನು, ಪಂಚೆ ಒಗೆದು ಹರವಿ, ಮಡಿಯಾದದ್ದು ಉಟ್ಟುಕೊಂಡು ದೇವಾಲಯಕ್ಕೆ ಹೋಗುವುದು ನನ್ನ ಪದ್ಧತಿ. ಅಲ್ಲಿಯೂ ಹಾಗೇ ಮಾಡಿದೆ. ಬಕೆಟ್ಟಿನ ನೀರಿನಲ್ಲಿ ಎರಡನ್ನೂ ಒಗೆದು ಮನೆಮುಂದಿನ ಹಗ್ಗಕ್ಕೆ ಹಾಕಿ ಒಳಗೆ ಬಂದೆ. ಎಫಿ ಕಿಟಕಿಯಿಂದ ನೋಡಿ ಬಿಳಿಚಿಕೊಂಡಳು.

"ಅಯ್ಯೋ! ಭಾನುವಾರ ಹಗ್ಗದ ಮೇಲೆ ಬಟ್ಟೆ!"

"ಈಗಲೇ ತೆಗೆದುಬಿಡ್ತೀನಿ."

"ಬೇಡ. ತೆಗೆಯೋದೂ ಕೆಲಸಾನೇ."

ಹೀಗಾಗಿ ಬಟ್ಟೆ ಅಲ್ಲೇ ಉಳಿಯಿತು. ಸಮುದ್ರದ ಗಾಳಿ ತುಂಬಿಕೊಂಡು ನನ್ನ ಬನಿಯನ್ನು ಉಬ್ಬಿ ನಿಂತು ದೇವಾಲಯಕ್ಕೆ ಹೋಗುವ ಇಡೀ ದ್ವೀಪಕ್ಕೆ ಕೈ ಬೀಸಿತು. ನಿನ್ನೆ ನನಗೆ ಬಿಲ್ಲೆ ಕೊಟ್ಟ ಹಿರಿಯರು ನೆಲ ನೋಡಿಕೊಂಡು ದಾಟಿಹೋದರು. ನಾನು ಯಾರದೋ ಬಟ್ಟೆ ಎಂಬಂತೆ ಅವರ ಹಿಂದೆ ನಡೆದೆ.

ದೇವಾಲಯದ ಮುಂಭಾಗದ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಪಾದ್ರಿ ಮೊದಲು ಮೇಜಿಗೆ ಬೇಲಿ ಹಾಕುತ್ತಾರೆ. ಎಂದರೆ ಯಾರು ಯಾರು ಬರಕೂಡದೆಂದು ಸಾರುತ್ತಾರೆ. ಕುಡುಕರು ಬರಕೂಡದು. ನಾನು ಮನಸ್ಸಿನಲ್ಲೇ ನಮ್ಮ ಸಭೆಯ ಒಬ್ಬರನ್ನು ಹೊರಗೆ ಕಳಿಸಿದೆ. ಚಾಡಿ ಹೇಳುವವರು ಬರಕೂಡದು. ಮೂವರನ್ನು ಕಳಿಸಿದೆ. ಹೀಗೆ ಜಯನಗರದ ಸಭೆ ಅರ್ಧ ಖಾಲಿಯಾಗುವ ಹೊತ್ತಿಗೆ ಪಾದ್ರಿ ಮುಂದಿನದನ್ನು ಓದಿದರು: ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೊಡನೆ ಮಾತು ಬಿಟ್ಟವರು ಬರಕೂಡದು.

ಆಮೇಲೆ ಬನ್ನಿ ಎಂದು ಕರೆದರು. ಯಾರೂ ಏಳಲಿಲ್ಲ. ಕೀರ್ತನೆಯ ಒಂದು ಚರಣ ಮುಗಿಯಿತು, ಎರಡು ಮುಗಿಯಿತು. ಕೋಲೂರಿಕೊಂಡು ಒಬ್ಬ ಮುದುಕ ಎದ್ದ. ಆಮೇಲೆ ಒಬ್ಬ ಹೆಂಗಸು. ಅಷ್ಟು ದೊಡ್ಡ ಸಭೆಯಲ್ಲಿ ಹತ್ತು ಹನ್ನೆರಡು ಜನ ಆದರೇನೋ. ಡಂಕನ್ ಪಾದ್ರಿಯವರು ಕತ್ತು ತಿರುಗಿಸಿ ನನ್ನ ಕಡೆ ನೋಡಿದರು. ಬಿಲ್ಲೆ ನನ್ನ ಮುಷ್ಟಿಯಲ್ಲಿ ಬೆವರುತ್ತಿತ್ತು.

ನನಗೆ ಆರಿದ ಬತ್ತಿಯ ವಾಸನೆ ಬಂತು. ದೀಪ ಊದಿದ ಮೇಲೆ ಒಂದು ಗಳಿಗೆ ಏಳುವ ಹೊಗೆಯ ವಾಸನೆ. ಅಮ್ಮನ ಮುಖದ ಮೇಲೆ ಹಾದುಹೋಗಿದ್ದ ಹೊಗೆ. ಒಂಬತ್ತು ವರ್ಷ ನೂಕುನುಗ್ಗಲಿನ ನಡುವೆ ಮಂಡಿಯೂರಿದ್ದರಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ.

"ಹೋಗಿ" ಎಂದು ಎಫಿ ಪಿಸುಗುಟ್ಟಿದಳು. "ನಿಮಗೇನು ತಡೆ?"

"ಮೊನ್ನೆ ಹೇಳಿದ್ದು ಸುಳ್ಳು" ಎಂದೆ. "ನಮ್ಮಕ್ಕನ ಹತ್ತಿರ ಮಾತಾಡಿ ಒಂಬತ್ತು ವರ್ಷ ಆಯ್ತು. ತಪ್ಪು ನನ್ನದೇ."

ಎಫಿ ಗಾಬರಿಯಾಗಲಿಲ್ಲ, ದೂರ ಸರಿಯಲೂ ಇಲ್ಲ. ಕೈಚೀಲ ತೆರೆದು ಒಂದು ಪೆಪ್ಪರ್‌ಮಿಂಟು ತೆಗೆದು ನನ್ನ ಅಂಗೈಯಲ್ಲಿ ಬಿಲ್ಲೆಯ ಪಕ್ಕಕ್ಕಿಟ್ಟಳು. ತನ್ನ ಬಾಯಿಗೂ ಒಂದು ಹಾಕಿಕೊಂಡಳು. ಬೇಲಿಯ ಹೊರಗೆ ನಾವಿಬ್ಬರೂ ಕುಳಿತು ಅದನ್ನು ತಿಂದೆವು. ನನಗೆ ಅಳು ಬಂತು. ಆ ದಿನ ನಾನು ಚಟ್ನಿಪುಡಿ ಮುಟ್ಟಿರಲಿಲ್ಲ.

ಸೋಮವಾರ

ಸೋಮವಾರ ಬೆಳಿಗ್ಗೆ ಹಗ್ಗದಿಂದ ಬನಿಯನ್ನು, ಪಂಚೆ ತೆಗೆದೆ. ಉಪ್ಪುಗಾಳಿಗೆ ಹಲಗೆಯಂತೆ ಬಿರುಸಾಗಿದ್ದವು. ಎಫಿ ಬಂದು ಪಂಚೆ ಮಡಿಸಲು ಇನ್ನೊಂದು ತುದಿ ಹಿಡಿದಳು.

"ನಿಮ್ಮಕ್ಕನ ಮನೆ ನಿಮ್ಮ ಮನೆಯಿಂದ ಎಷ್ಟು ದೂರ?"

"ಬಸ್ಸಿನಲ್ಲಿ ಮುಕ್ಕಾಲು ಗಂಟೆ."

ಅವಳು ಸಮುದ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

ಸೋಲಬಾರದೆಂದು, "ನೀವು ಯಾವಾಗ ಸಿದ್ಧವಾಗ್ತೀರಿ?" ಎಂದು ತಿರುಗಿ ಕೇಳಿದೆ.

"ಅಕ್ಕನ ಮನೆಗೆ ಹೋದ ಮೇಲೆ ಏನಾಯ್ತು ಅಂತ ಕಾಗದ ಬರೀರಿ. ಆಮೇಲೆ ನೋಡೋಣ" ಎಂದಳು.

ಹಡಗು ಹತ್ತಿದ ಮೇಲೆ ನೋಡಿದರೆ ಬಿಲ್ಲೆ ನನ್ನ ಜೇಬಿನಲ್ಲೇ ಉಳಿದಿತ್ತು.

ಜರಗನಹಳ್ಳಿ

ಎಫಿಗೆ ಕಾಗದ ಬರೆದೆ. ಅವಳ ಉತ್ತರವಾಗಿ ಒಂದು ಡಬ್ಬಿ ಪೆಪ್ಪರ್‌ಮಿಂಟು ಬಂತು, ಒಂದಕ್ಷರ ಇರಲಿಲ್ಲ. ಆ ಕಾಗದದಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ.

ಮರುಪ್ರಯಾಣದ ಉದ್ದಕ್ಕೂ ನಾನು ಕ್ಷಮೆ ಕೇಳುವ ಭಾಷಣ ಸಿದ್ಧಮಾಡಿಕೊಂಡೆ. ಪೀಠಿಕೆ, ಸಮರ್ಥನೆ, ಪಶ್ಚಾತ್ತಾಪ, ಎಲ್ಲ ಸೇರಿ ಏಳು ಭಾಗವಾಯಿತು, ಅಭ್ಯಾಸಬಲ. ಊರಿಗೆ ಬಂದ ಮೂರನೆಯ ದಿನ ಕನಕಪುರ ರಸ್ತೆಯ ಬಸ್ಸು ಹತ್ತಿದೆ. ಇಳಿದಾಗ ಮುಸ್ಸಂಜೆ. ಬಾವಿಕಟ್ಟೆಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಓಣಿಯ ಕಡೆಗೆ ಕೂಗು ಹಾಕಿದಳು.

"ನರ್ಸಮ್ಮೋ! ದೀಪ ಆರ್ಸಿದ್ ಮೇಷ್ಟ್ರು ಬಂದವ್ರೆ!"

ಒಂಬತ್ತು ವರ್ಷದಿಂದ ಆ ಊರಿನಲ್ಲಿ ನನ್ನ ಹೆಸರು ಅದು. ಪುಸ್ತಕದ ಮೇಲೆ ಹಾಕಿಸಿಕೊಂಡ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಜಗಲಿಯ ಮೇಲೆ ಮುನಿಯಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನಾನು ಹೊಸಿಲಿಗೆ ನಾಲ್ಕು ಹೆಜ್ಜೆ ಈಚೆಗೆ ನಿಂತೆ.

"ಅಕ್ಕಾ, ಮೊದಲನೆಯದಾಗಿ..." ಎಂದು ಶುರುಮಾಡಿದೆ.

"ಊಟ ಆಯ್ತಾ?"

"ಇಲ್ಲ. ಆದ್ರೆ ಮೊದ್ಲು ನಾನು..."

"ಮುದ್ದೆ ಆರ್ತದೆ."

ಭಾಷಣ ಅಲ್ಲಿಗೆ ಮುಗಿಯಿತು. ಉಳಿದದ್ದು ಎರಡೇ ಮಾತು. "ತಪ್ಪಾಯ್ತು ಅಕ್ಕ. ಮುನಿಯಮ್ಮಾ, ನಿಮ್ಗೂ ತಪ್ಪು ಮಾಡ್ದೆ."

"ಅದೆಲ್ಲ ಆಮ್ಯಾಕೆ" ಎಂದಳು ಮುನಿಯಮ್ಮ. "ಮೊದ್ಲು ಕೈಕಾಲ್ ತೊಳ್ಕೊಳಿ ಸ್ವಾಮಿ."

ಕಣ್ಣೊರೆಸಿಕೊಳ್ಳಲು ಕರವಸ್ತ್ರ ಎಳೆದೆ. ಜೊತೆಗೆ ಬಿಲ್ಲೆಯೂ ಬಂದು ನೆಲಕ್ಕೆ ಬಿದ್ದು ಉರುಳಿ ಅಕ್ಕನ ಕಾಲಬುಡಕ್ಕೆ ಹೋಯಿತು. ಅವಳು ಎತ್ತಿಕೊಂಡಳು. "ಏನೋ ಇದು?"

"ಅಲ್ಲಿ ಕರ್ತನ ಭೋಜನಕ್ಕೆ ಕೂರ್ಬೇಕಾದ್ರೆ ಅದನ್ನ ತೋರಿಸ್ಬೇಕು. ಯೋಗ್ಯರಿಗೆ ಮಾತ್ರ ಕೊಡ್ತಾರೆ."

ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನನ್ನೂ ನೋಡಿದಳು. "ನಿನಗೂ ಕೊಟ್ರಾ?" ಎಂದು ನಕ್ಕುಬಿಟ್ಟಳು. ಬಿಲ್ಲೆಯನ್ನು ಅವರೆಸಿಪ್ಪೆಯ ಮೊರಕ್ಕೆ ಹಾಕಿ ಎದ್ದಳು. "ಈ ಮನೇಲಿ ಅದನ್ನೆಲ್ಲ ಕೇಳಲ್ಲ. ಒಳಗ್ ಬಾ."

ಹೊಸಿಲು ದಾಟಿದೆ. ಅಡುಗೆಮನೆಯ ಕತ್ತಲಲ್ಲಿ ಮಣೆ ಹಾಕಿದಳು, ಬಿಸಿ ಮುದ್ದೆ ಇಕ್ಕಿದಳು. ಒಂದು ತುತ್ತು ಮುರಿದಿದ್ದೆ. ಆ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮುನಿಯಮ್ಮ ಎಣ್ಣೆ ಹಾಕಿದ, ಇನ್ನೂ ಹಚ್ಚದ ದೀಪ ತಂದು ಅಮ್ಮನ ಪಟದ ಕೆಳಗಿನ ಗೂಡಿನಲ್ಲಿಟ್ಟು, "ಊದ್ಬುಟ್ಟೀರಾ ಮತ್ತೆ" ಎಂದಳು. ಅಕ್ಕ ಬೆಂಕಿಪೊಟ್ಟಣವನ್ನು ನನ್ನ ಕಡೆ ಚಾಚಿದಳು.

ಕೈಗೆ ಮುದ್ದೆ ಅಂಟಿತ್ತು. ನಾನು ಸಿದ್ಧನಾಗಿರಲಿಲ್ಲ. ತೆಗೆದುಕೊಂಡೆ.